ಹೂಂಗುಟ್ಟುವವರ ಸೆಕ್ಷನ್

ನೆರಿಗೆಯಕ್ಕನ ಹಣೆಯಲ್ಲಿ ಮೂರು ನೆರಿಗೆಗಳಿದ್ದವು. ಬೆಡ್‌ಶೀಟಿನಲ್ಲಿ ಒಂದು ಸುಕ್ಕು ಕಂಡರೆ ಮೊದಲನೆಯದು ಎದ್ದು ಕೂರುತ್ತಿತ್ತು, ಎರಡು ಕಂಡರೆ ಎರಡನೆಯದು. ಮೂರನೆಯದು ಎದ್ದ ದಿನ ಲಾಂಡ್ರಿಯ ಬಾಯ್ಲರು ಯಾರೂ ಹೇಳದೆ ತಾನೇ ತಣ್ಣಗಾಗುತ್ತಿತ್ತು. ನಂಬದಿದ್ದರೆ ಬಿಡಿ, ಬಾಯ್ಲರಿನವನೇ ಹೇಳಿದ ಮಾತು.

ಹನ್ನೊಂದು ವರ್ಷ ಆಕೆ ಅಲ್ಲಿ ಇಸ್ತ್ರಿ ರೋಲರಿನ ಬಾಯಿಗೆ ಬಟ್ಟೆ ತುರುಕಿದವಳು. ಒದ್ದೆ ಬೆಡ್‌ಶೀಟನ್ನು ಈ ಕಡೆ ಕೊಟ್ಟರೆ ಆ ಕಡೆ ಹಪ್ಪಳದಂತೆ ಗರಿಗರಿಯಾಗಿ ಬರುತ್ತಿತ್ತು. ಅದರ ಗದ್ದಲವೋ, ಕೇಳಬೇಡಿ. ಒಮ್ಮೆ ಗುಡುಗು ಕಿಟಕಿಯ ತನಕ ಬಂದು, ಇಲ್ಲಿ ನನಗೆ ಮರ್ಯಾದೆಯಿಲ್ಲ ಎಂದು ಹಾಗೇ ಹಿಂದಿರುಗಿತಂತೆ. ಆ ಕೋಣೆಯಲ್ಲಿ ದುಡಿಯುವವರು ಕಿವಿಗೆ ಹತ್ತಿ ತುಂಬಿಕೊಂಡು, ಕೈಸನ್ನೆಯಲ್ಲೇ ಜಗಳವಾಡಿ ಕೈಸನ್ನೆಯಲ್ಲೇ ರಾಜಿಯಾಗುತ್ತಿದ್ದರು.

ಇಸ್ತ್ರಿ ಕೋಣೆಗೂ ಮಡಿಸುವ ಹಾಲಿಗೂ ನಡುವೆ ಅಗಲವಾದ ಗಾಜಿನ ಗೋಡೆ. ಅದರಾಚೆ ಹನ್ನೊಂದು ಮೇಜು, ಮೇಜಿಗೊಂದು ಜೋಡಿ, ಒಟ್ಟು ಇಪ್ಪತ್ತೆರಡು ಜನ. ಎದುರುಬದುರು ನಿಂತು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಮಡಿಸುವುದು ಅವರ ಕೆಲಸ. ನೆರಿಗೆಯಕ್ಕನಿಗೆ ಹನ್ನೊಂದು ವರ್ಷ ಕಂಡದ್ದು ಅವರ ಬಾಯಿ ಮಾತ್ರ. ತೊಟ್ಟಿಯೊಳಗಿನ ಮೀನುಗಳ ಹಾಗೆ ತೆರೆಯುವ, ಮುಚ್ಚುವ, ಮತ್ತೆ ತೆರೆಯುವ ಬಾಯಿಗಳು. ಒಂದಕ್ಷರವೂ ಕೇಳುತ್ತಿರಲಿಲ್ಲ. 'ಆ ಬಾಯಿಗಳಿಗೊಂದು ಬೀಗ ಬಿದ್ದರೆ ಕೈಗಳು ಎರಡರಷ್ಟು ಓಡುತ್ತವೆ' ಎಂದು ಆಕೆ ಹನ್ನೊಂದು ವರ್ಷವೂ ಅಂದುಕೊಂಡಳು. ಒಂದು ಸೋಮವಾರ ಬೆಳ್ಳಂಬೆಳಿಗ್ಗೆ ಬೀಗ ಆಕೆಯ ಕೈಗೇ ಬಂತು.

ಮಾಲೀಕರು ಬೆವರೊರೆಸಿಕೊಳ್ಳುತ್ತಾ ಬಂದು ರೋಲರು ನಿಲ್ಲಿಸಿ, ಆಕೆಯ ಒಂದು ಕಿವಿಯ ಹತ್ತಿ ತೆಗೆಸಿದರು. "ನೋಡಿಯಮ್ಮ, ಆಸ್ಪತ್ರೆಯವ್ರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನ ಎರಡರೊಳಗೆ ಐದು ಸಾವಿರ ಬೆಡ್‌ಶೀಟ್ ಮಡಿಸಿ ತೋರಿಸ್ಬೇಕಂತೆ. ಈ ವಾರ ಒಂದೇ ಒಂದು ದಿನ ತೋರಿಸಿದ್ರೂ ಸಾಕು, ಅವ್ರ ಕೆಲಸ ನಮ್ಮಲ್ಲೇ ಉಳಿಯತ್ತೆ. ಶುಕ್ರವಾರ ಕೊನೇ ದಿನ. ಆಗ್ಲಿಲ್ಲ ಅಂದ್ರೆ ನಾನು ಮಡಿಸೋ ಮಷೀನ್ ತರಿಸ್ತೀನಿ, ಆ ಇಪ್ಪತ್ತೆರಡು ಜನಾನ ಮನೆಗೆ ಕಳಿಸ್ಬೇಕಾಗತ್ತೆ."

"ಈಗ ಎಷ್ಟಾಗ್ತಿದೆ ಸಾರ್?"

"ನಾಲ್ಕು ಸಾವಿರದ ನಾನೂರು. ಹಳೇ ಸೂಪರ್‌ವೈಸರ್ ಕೈ ಚೆಲ್ಲಿ ಹೋದ. ನೀವು ನೋಡ್ಕೊಳ್ತೀರಾ?"

"ವಾರ ಯಾಕೆ ಸಾರ್, ಎರಡು ದಿನ ಸಾಕು" ಎಂದು ನೆರಿಗೆಯಕ್ಕ ಇನ್ನೊಂದು ಕಿವಿಯ ಹತ್ತಿಯನ್ನೂ ಕಿತ್ತು ಜೇಬಿಗಿಟ್ಟಳು.

ಹಾಲಿಗೆ ಕಾಲಿಟ್ಟವಳೇ ಎರಡು ಅಪ್ಪಣೆ ಹೊರಡಿಸಿದಳು. ಒಂದು, ಕೆಲಸದ ಹೊತ್ತಿನಲ್ಲಿ ಯಾರೂ ತುಟಿ ಬಿಚ್ಚಬಾರದು. ಎರಡು, ಜೋಡಿಗಳನ್ನೆಲ್ಲ ಬದಲಿಸಬೇಕು. ಇದ್ದ ಜೋಡಿಗಳಾದರೂ ಎಂಥವು? ತಲೆ ತಗ್ಗಿಸದೆ ಬಾಗಿಲು ದಾಟಲಾರದ ಉದ್ದಣ್ಣನ ಎದುರಿಗೆ, ಹಾಲು ಪ್ಯಾಕೆಟ್ಟಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ನಿಂತರೂ ಅವನ ಸೊಂಟಕ್ಕೆ ಬರುವ ಪುಟ್ಟಜ್ಜಿ. ಉಸಿರು ಬಿಡಲೂ ಮಾತು ನಿಲ್ಲಿಸದ ರೇಡಿಯೋ ಎಂಬ ಹೆಂಗಸಿನ ಎದುರಿಗೆ, ಒಂಬತ್ತು ವರ್ಷದಲ್ಲಿ 'ಹೂಂ' ಬಿಟ್ಟು ಬೇರೊಂದು ಪದ ಖರ್ಚು ಮಾಡದ ಮೌನಿ. ನೆರಿಗೆಯಕ್ಕ ಅಳತೆಪಟ್ಟಿ ತರಿಸಿ, ಎತ್ತರದವರಿಗೆ ಎತ್ತರದವರು, ಗಿಡ್ಡರಿಗೆ ಗಿಡ್ಡರು ಎಂದು ಜೋಡಿಸಿದಳು.

"ಅಜ್ಜಿ ಜೊತೆ ಒಂಬತ್ತು ವರ್ಷ ಮಡಿಸಿದ್ದೀನಿ ಅಕ್ಕಾ" ಎಂದ ಉದ್ದಣ್ಣ.

"ಅದಕ್ಕೇ ನಿಮ್ಮ ಬೆನ್ನು ಕೊಕ್ಕೆ ಆಗಿರೋದು. ಈಗ ನೆಟ್ಟಗೆ ನಿಲ್ಲಿ."

"ಕೊಕ್ಕೆಗೇ ಅಭ್ಯಾಸ ಆಗಿತ್ತು" ಎಂದು ಗೊಣಗುತ್ತಾ ಅವನು ಹೊಸ ಮೇಜಿಗೆ ಹೋದ.

ಸೋಮವಾರ ಎರಡು ಗಂಟೆಗೆ ಎಣಿಸಿದರೆ ಮೂರು ಸಾವಿರದ ಆರುನೂರು. ಮಂಗಳವಾರ ಮೂರು ಸಾವಿರದ ನೂರು. ಇವನು ಮೂಲೆ ಎಳೆದಾಗ ಅವನು ಬಿಟ್ಟಿರುತ್ತಿದ್ದ. ಅವಳು ಮುಂದೆ ಬಂದಾಗ ಇವಳೂ ಮುಂದೆ ಬಂದು ಹಣೆಗೆ ಹಣೆ ಡಿಕ್ಕಿ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುವುದೇ ಕೆಲಸವಾಯಿತು. ಮಾತು ಒಳಗೇ ತುಂಬಿಕೊಂಡ ರೇಡಿಯೋಳ ಕೆನ್ನೆ ಬಲೂನಿನಂತೆ ಊದಿಕೊಂಡಿತು. ಇಸ್ತ್ರಿಯಾಗಿ ಬಂದು ಬಿದ್ದ ಬೆಡ್‌ಶೀಟಿನ ರಾಶಿ ಎಷ್ಟೆತ್ತರ ಬೆಳೆಯಿತೆಂದರೆ, ಮೇಲಿನದೊಂದನ್ನು ತೆಗೆಯಲು ಹತ್ತುವವರು ಬುತ್ತಿ ಕಟ್ಟಿಕೊಂಡು ಹೋಗಬೇಕಿತ್ತು.

ಆ ಸಂಜೆ ಮನೆಯಲ್ಲಿ ಬೀನ್ಸ್ ಕತ್ತರಿಸುತ್ತಾ ಆಕೆ ಗಂಡನ ಮುಂದೆ ಗೋಳು ತೋಡಿಕೊಂಡಳು. ಆತ ಇಪ್ಪತ್ತು ವರ್ಷದಿಂದ ಬಸ್ ಓಡಿಸುವವನು. ಪಾಪ, ಹೆಂಡತಿಯ ಚಾಕುವಿನ ವೇಗ ನೋಡಿಯೇ ಅರ್ಧ ವಿಷಯ ಅರ್ಥ ಮಾಡಿಕೊಂಡಿದ್ದ.

"ನನ್ನ ಬಸ್ಸಲ್ಲೂ 'ಮಾತಾಡಬೇಡಿ' ಅಂತ ಬೋರ್ಡ್ ಹಾಕಿದ್ದಾರೆ ಕಣೇ. ಅದು ಸರಿಯೋ ತಪ್ಪೋ ಅಂತ ಜನ ಕೊನೇ ಸ್ಟಾಪ್ ತನಕ ಜೋರಾಗಿ ಚರ್ಚೆ ಮಾಡ್ತಾರೆ."

"ನಿಮಗೆ ಎಲ್ಲಾ ತಮಾಷೆ. ಶುಕ್ರವಾರಕ್ಕೆ ಇಪ್ಪತ್ತೆರಡು ಜನದ ಕೆಲಸ ಹೋಗತ್ತೆ. ನನ್ನ ಕೈಯಿಂದ."

ಆತ ತಮಾಷೆ ಬಿಟ್ಟ. "ನಿನ್ನ ರೋಲರ್‌ಗೆ ಸ್ವಿಚ್ಚಿತ್ತು, ಒತ್ತಿದೆ, ಓಡ್ತು. ಇವ್ರದ್ದು ಎಲ್ಲಿದೆ ಅಂತ ಇವ್ರನ್ನೇ ಕೇಳಬಾರ್ದಾ?"

"ಸೂಪರ್‌ವೈಸರ್ ಆದವಳು ಕೇಳ್ತಾ ಕೂತ್ರೆ ಯಾರು ಮರ್ಯಾದೆ ಕೊಡ್ತಾರೆ" ಎಂದು ಆಕೆ ಮಿಕ್ಕ ಬೀನ್ಸನ್ನು ಪುಡಿಪುಡಿ ಮಾಡಿದಳು. ಅಂದು ಪಲ್ಯವಾಗಬೇಕಿದ್ದದ್ದು ಚಟ್ನಿಯಾಯಿತು.

ಬುಧವಾರ ಪುಟ್ಟಜ್ಜಿಯ ಹೊಸ ಜೊತೆಗಾತಿ ಹಲ್ಲುನೋವೆಂದು ಬರಲಿಲ್ಲ. ಬೇರೆ ದಾರಿಯಿಲ್ಲದೆ ನೆರಿಗೆಯಕ್ಕನೇ ಅಜ್ಜಿಯ ಎದುರಿಗೆ ನಿಂತಳು. ಮೊದಲ ಬೆಡ್‌ಶೀಟಿನಲ್ಲಿ ಆಕೆ ಎಳೆದ ರಭಸಕ್ಕೆ ಅಜ್ಜಿ ಕ್ರೇಟಿನಿಂದ ಹಾರಿ ಬಟ್ಟೆಯ ಸಮೇತ ಮೇಜಿನ ಮೇಲೆ ಬಂದಿಳಿದಳು. ಎರಡನೆಯದರಲ್ಲಿ ಮೂಲೆ ತಪ್ಪಿತು. ಮೂರನೆಯದರಲ್ಲಿ ನೆರಿಗೆಯಕ್ಕನ ಮುಖವೇ ಮಡಿಕೆಯೊಳಗೆ ಸಿಕ್ಕಿಕೊಂಡಿತು.

"ಏನಜ್ಜಿ ಇದು? ಯಾವಾಗ ಎಳೀಬೇಕು ಅಂತ ಹೆಂಗೆ ಗೊತ್ತಾಗತ್ತೆ ನಿಮಗೆ?"

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಹೂಂ ಅಂದಾಗ ಎಳೀಬೇಕು ಕಣಮ್ಮ. ನೀನು ಹೂಂ ಅನ್ನೋದನ್ನೇ ನಿಲ್ಸಿದ್ದೀಯಲ್ಲ."

"ಹೂಂ ಯಾಕೆ ಅನ್ಬೇಕು?"

"ಕಥೆ ಹೇಳ್ದಾಗ ಹೂಂ ಅನ್ನದೆ ಇನ್ನೇನಂತಾರೆ? ಹಿಡ್ಕೋ ಮೂಲೆ. ಕೇಳು. ಒಬ್ಬ ಕಳ್ಳ ಒಂದು ಮನೆಗೆ ನುಗ್ಗಿದ."

"ಅಜ್ಜಿ, ಕೆಲಸದ ಹೊತ್ತಲ್ಲಿ..."

"ಹೂಂ ಅನ್ನೇ."

"ಹೂಂ." ಕೈಗಳು ತಾವಾಗಿ ಹತ್ತಿರ ಬಂದವು. ಮೂಲೆಗೆ ಮೂಲೆ ಕೂಡಿತು.

"ಆ ಮನೇಲಿ ಕದಿಯೋಕೆ ಒಂದು ಚಮಚಾನೂ ಇರ್ಲಿಲ್ಲ."

"ಹೂಂ." ಎರಡನೇ ಮಡಿಕೆ.

"ಅಯ್ಯೋ ಪಾಪ ಅನ್ನಿಸಿ, ಪಕ್ಕದ ಬೀದೀಲಿ ಕದ್ದಿದ್ದ ಪಾತ್ರೇನ ಇಲ್ಲಿಟ್ಟು ಹೋದ. ಮಾರನೇ ದಿನ ಮಂಚ ತಂದಿಟ್ಟ. ಮೂರನೇ ದಿನ ಮನೆಯವನು ಪೊಲೀಸ್ ಸ್ಟೇಷನ್ನಿಗೆ ಓಡ್ದ, ಸಾರ್, ಯಾರೋ ನನ್ನ ಮನೆ ತುಂಬಿಸ್ತಾ ಇದ್ದಾರೆ, ಕಾಲಿಡೋಕೆ ಜಾಗ ಇಲ್ಲ ಅಂತ."

"ಹೂಂ. ಆಮೇಲೆ?"

ನೆರಿಗೆಯಕ್ಕ ಮೇಜು ನೋಡಿದಾಗ ಅರವತ್ತು ಬೆಡ್‌ಶೀಟುಗಳು ಇಟ್ಟಿಗೆ ಕಟ್ಟಿದಂತೆ ನೀಟಾಗಿ ಕೂತಿದ್ದವು. ಯಾವಾಗ ಮಡಿಸಿದಳೋ ಆಕೆಗೇ ತಿಳಿದಿರಲಿಲ್ಲ. ಸುತ್ತಲಿನ ಇಪ್ಪತ್ತು ಜನ ಕೆಲಸ ನಿಲ್ಲಿಸಿ ಕಣ್ಣು ಬಿಟ್ಟುಕೊಂಡು ಆಕೆಯನ್ನೇ ನೋಡುತ್ತಿದ್ದರು. ಗಾಜಿನಾಚೆಯಿಂದ ಹನ್ನೊಂದು ವರ್ಷ ಹರಟೆಯೆಂದು ಕಂಡದ್ದು ಇದು. ಒಬ್ಬರು ಹೇಳುವುದು, ಇನ್ನೊಬ್ಬರು ಹೂಂಗುಟ್ಟುವುದು, ಆ ಹೂಂಗೆ ನಾಲ್ಕು ಕೈ ಒಟ್ಟಿಗೆ ಚಲಿಸುವುದು. ಆಕೆ ಬೀಗ ಹಾಕಿದ್ದು ಬಾಯಿಗಲ್ಲ, ಕೈಗಳಿಗೆ.

ಆಕೆಯ ಕಿವಿ ಬಿಸಿಯಾಯಿತು. ಒಂದು ಗಳಿಗೆ ಅಲ್ಲಿಂದ ಜಾರಿ ರೋಲರಿನ ಹಿಂದೆ ಅಡಗೋಣವೆನ್ನಿಸಿತು. ಆದರೆ ಹೋಗಲಿಲ್ಲ. ಅಜ್ಜಿಯ ಪಕ್ಕದಲ್ಲೇ ನಿಂತು ಹೇಳಿದಳು. "ತಪ್ಪು ನನ್ನದು. ನಿಮ್ಮ ಕೆಲಸ ಗೊತ್ತಿಲ್ದೆ ನಿಮಗೆ ಕೆಲಸ ಕಲಿಸೋಕೆ ಬಂದೆ. ಹಳೇ ಜೋಡಿಗಳಿಗೇ ಹೋಗಿ. ಮಾತಾಡಿ. ಆದ್ರೆ ಹಳೇ ಲೆಕ್ಕದಲ್ಲೂ ಆರುನೂರು ಕಮ್ಮಿ ಬೀಳತ್ತೆ, ಉಳಿದಿರೋದು ಎರಡೇ ದಿನ. ನನಗೆ ದಾರಿ ಕಾಣ್ತಿಲ್ಲ. ನಿಮಗೆ ಕಂಡಿದ್ರೆ ಹೇಳಿ."

ಅಂಥ ಪ್ರಶ್ನೆ ಆ ಹಾಲಿನೊಳಗೆ ಅದೇ ಮೊದಲ ಸಲ ಕಾಲಿಟ್ಟಿತ್ತು. ಅದನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.

"ಚಿಕ್ಕದು, ದೊಡ್ಡದು ಬೆರೆಸಿ ಕೊಡ್ತಾರೆ" ಎಂಬ ಗಂಭೀರ ದನಿಯೊಂದು ಕೇಳಿತು.

ಯಾರದೆಂದು ಎಲ್ಲರೂ ಹುಡುಕಿದರು. ಮೌನಿಯದು. ರೇಡಿಯೋಳ ಕೈಯಿಂದ ಬೆಡ್‌ಶೀಟು ಜಾರಿ ಬಿತ್ತು.

"ಮಕ್ಕಳ ವಾರ್ಡಿನ ಚಿಕ್ಕ ಶೀಟು ಮಧ್ಯೆ ಮಧ್ಯೆ ಬರತ್ತೆ" ಎಂದು ಅವನು ಮುಂದುವರಿಸಿದ. "ಪ್ರತಿ ಸಲ ಹೆಜ್ಜೆ ಬದಲಿಸ್ಬೇಕು, ತಾಳ ತಪ್ಪತ್ತೆ. ಇಸ್ತ್ರಿ ಕೋಣೆ ಬಾಗ್ಲಲ್ಲೇ ಬೇರೆ ಮಾಡಿದ್ರೆ, ಚಿಕ್ಕದಕ್ಕೆ ಎರಡು ಮೇಜು, ದೊಡ್ಡದಕ್ಕೆ ಒಂಬತ್ತು ಸಾಕು."

"ಇದು ಎಷ್ಟು ದಿನದಿಂದ ಗೊತ್ತಿತ್ತು ನಿಮಗೆ?"

"ಆರು ವರ್ಷದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

"ನಾನು ಮಧ್ಯೆ ಬಿಡುವು ಕೊಟ್ಟಿದ್ರೆ ನನಗಾದ್ರೂ ಹೇಳ್ತಿದ್ರೇನೋ" ಎಂದು ರೇಡಿಯೋ ತಲೆ ಚಚ್ಚಿಕೊಂಡಳು. ಇಡೀ ಹಾಲು ಗೊಳ್ಳೆಂದಿತು. ಮೂರು ದಿನದಲ್ಲಿ ಮೊದಲ ನಗು.

ಗುರುವಾರ ಹಲ್ಲುನೋವಿನವಳೂ ಬಂದಳು, ಬಾಗಿಲಲ್ಲೇ ಶೀಟುಗಳು ಬೇರೆಯಾದವು. ಎರಡು ಗಂಟೆಗೆ ನಾಲ್ಕು ಸಾವಿರದ ಎಂಟುನೂರು. ಇನ್ನೂರು ಎಲ್ಲಿ ತಪ್ಪಿಸಿಕೊಂಡಿತು? ಹನ್ನೊಂದು ಜೋಡಿಗೆ ಹನ್ನೊಂದು ಕಥೆ. ಒಂದು ಮೇಜಿನಲ್ಲಿ ನಗು ಸಿಡಿದರೆ ಪಕ್ಕದ ಮೇಜು 'ಏನಂತೆ, ಏನಂತೆ' ಎಂದು ನಿಂತುಬಿಡುತ್ತಿತ್ತು. "ಹಂಗಾದ್ರೆ ನಾಳೆ ಎಲ್ಲರಿಗೂ ಒಂದೇ ಕಥೆ" ಎಂದು ಉದ್ದಣ್ಣನೇ ತೀರ್ಮಾನ ಹೇಳಿದ. ನೆರಿಗೆಯಕ್ಕ ಬೇಡವೆನ್ನಲಿಲ್ಲ. ಅಜ್ಜಿಯ ಮೇಜನ್ನು ಹಾಲಿನ ನಡುವೆ ತಂದಿಟ್ಟಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅಜ್ಜಿಯ ಕಳ್ಳ ಆ ಬಡವನ ಮನೆಗೆ ಆನೆಯೊಂದನ್ನು ಸಾಗಿಸಲು ಶುರುಮಾಡಿದ. "ಹೂಂ" ಎಂದಿತು ಹಾಲು. ಹನ್ನೊಂದು ಬೆಡ್‌ಶೀಟುಗಳು ಒಂದೇ ಏಟಿಗೆ ಮಡಿಸಿಕೊಂಡವು, ಹನ್ನೊಂದು ಹಡಗಿನ ಹಾಯಿ ಒಟ್ಟಿಗೆ ಇಳಿಸಿದಂತೆ. ಹೂಂನ ಗಾಳಿಗೆ ಕಿಟಕಿಯ ಪರದೆಗಳು ಹೊರಕ್ಕೆ ಹಾರಿದವು. ಬೀದಿಯಲ್ಲಿ ಹೋಗುತ್ತಿದ್ದವರು ತಾವೇ ಯಾರಿಗೋ ಏನಕ್ಕೋ ಹೂಂ ಎಂದುಬಿಟ್ಟೆವೇನೋ ಎಂದು ಬೆಚ್ಚಿ ನಿಂತರು. ಗಂಟೆ ಹತ್ತಾಯಿತು, ಹನ್ನೆರಡಾಯಿತು. ನೆರಿಗೆಯಕ್ಕ ಮೇಜಿನಿಂದ ಮೇಜಿಗೆ ಓಡಿ ನೀರು ಕೊಟ್ಟಳು, ಕಟ್ಟು ಎತ್ತಿದಳು, ಬೆವರಿದವರಿಗೆ ಬೀಸಣಿಗೆ ಹಿಡಿದಳು. ಒಂದು ಗಂಟೆಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಕೈಗಡಿಯಾರ ನೋಡುತ್ತಾ ಒಳಬಂದು, ಮಾಲೀಕರ ಪಕ್ಕ ನಿಂತು, ಒಂದೊಂದೇ ಕಟ್ಟಿನ ಮೂಲೆ ಪರೀಕ್ಷಿಸತೊಡಗಿದರು.

ಒಂದೂಕಾಲಿಗೆ ಅಜ್ಜಿಯ ಗಂಟಲು ಕಟ್ಟಿತು. ಆನೆಯ ಹಿಂದಿನ ಎರಡು ಕಾಲು ಬಾಗಿಲಾಚೆಯೇ ಉಳಿಯಿತು. ಇನ್ನೂ ಐನೂರೈವತ್ತು ಬೆಡ್‌ಶೀಟು ಬಾಕಿ.

"ನಾನು ಹೇಳ್ತೀನಿ" ಎಂದು ರೇಡಿಯೋ ಮುನ್ನುಗ್ಗಿ ತನ್ನ ನಾದಿನಿಯ ಜಿಪುಣತನದ ಕಥೆ ತೆಗೆದಳು. ಆ ನಾದಿನಿ ಮೂರನೇ ಮೇಜಿನಲ್ಲೇ ಮೂಲೆ ಹಿಡಿದು ನಿಂತಿದ್ದಳು. ಕಥೆ ಎರಡೇ ವಾಕ್ಯಕ್ಕೆ ಮುಗಿಯಿತು. ಕೈಗಳು ತಡವರಿಸಿದವು. ಒಂದು ಮೂಲೆ ತಪ್ಪಿತು, ಇನ್ನೊಂದು ತಪ್ಪಿತು. ನರ್ಸಮ್ಮ ಮತ್ತೆ ಗಡಿಯಾರ ನೋಡಿದರು.

ನೆರಿಗೆಯಕ್ಕ ಅಜ್ಜಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ತಾನೇ ಬಂದು ಉದ್ದಣ್ಣನ ಎದುರು ಮೂಲೆ ಹಿಡಿದಳು. ಆಕೆಯ ಹತ್ತಿರ ಕಥೆ ಎಂಬುದೇ ಇರಲಿಲ್ಲ. ಇದ್ದದ್ದು ಒಂದೇ ಸಂಗತಿ.

"ಒಂದೂರಲ್ಲಿ ಒಬ್ಬಳು ಹೆಂಗಸಿದ್ದಳು" ಎಂದಳು. "ಅವಳು ತನ್ನ ಎರಡು ಕಿವೀನ ಹನ್ನೊಂದು ವರ್ಷ ಒಂದು ಮಷೀನಿಗೆ ಬಾಡಿಗೆ ಕೊಟ್ಟಿದ್ದಳು."

ಉದ್ದಣ್ಣ ಮೆಲ್ಲಗೆ "ಹೂಂ" ಎಂದ.

"ಒಂದಿನ ಅವಳನ್ನ ಇಪ್ಪತ್ತೆರಡು ಮೀನುಗಳಿಗೆ ಯಜಮಾನಿ ಮಾಡಿದ್ರು."

"ಹೂಂ" ಎಂದಿತು ಅರ್ಧ ಹಾಲು.

"ಅವಳು ಹೋದವಳೇ, ಮೀನುಗಳೇ, ಬಾಯಿ ಮುಚ್ಕೊಂಡು ಈಜಿ ಅಂದಳು. ಉದ್ದ ಮೀನಿಗೆ ಉದ್ದ ಮೀನು, ಗಿಡ್ಡ ಮೀನಿಗೆ ಗಿಡ್ಡ ಮೀನು ಅಂತ ಟೇಪು ಹಿಡಿದು ಅಳೆದಳು."

"ಹೂಂ." ಈಗ ಇಡೀ ಹಾಲು. ನಗು ಉಕ್ಕುತ್ತಿತ್ತು, ಆದರೆ ನಗುವಿನ ಮೇಲೇ ಕೈ ಓಡುತ್ತಿತ್ತು. ಆಕೆ ತನ್ನ ಪೆದ್ದುತನವನ್ನು ಒಂದೊಂದಾಗಿ ಹೊರತೆಗೆದಳು: ಡಿಕ್ಕಿ ಹೊಡೆದ ಹಣೆಗಳು, ಹಾರಿಬಂದ ಅಜ್ಜಿಮೀನು, ಚಟ್ನಿಯಾದ ಬೀನ್ಸು. ಕಟ್ಟಿನ ಮೇಲೆ ಕಟ್ಟು ಬಿತ್ತು. ನಾನೂರು ಬಾಕಿ, ಇನ್ನೂರು ಬಾಕಿ. ಮಾಲೀಕರು ಕೋಟು ಕಳಚಿ ಕಟ್ಟು ಹೊರಲು ನಿಂತರು. ಬಾಗಿಲ ಬಳಿ ಹೊಸದೊಂದು ದನಿ ಹೂಂಗುಟ್ಟುತ್ತಿರುವುದು ಕೇಳಿ ನೋಡಿದರೆ ನರ್ಸಮ್ಮ, ಗಡಿಯಾರ ಮರೆತು, ಬಾಯಿ ತೆರೆದು ನಿಂತಿದ್ದರು.

ಎರಡು ಗಂಟೆಗೆ ನಾಲ್ಕು ನಿಮಿಷ ಇರುವಾಗ ಕೊನೆಯ ಕಟ್ಟು ಬಿಗಿದರು. ಐದು ಸಾವಿರದ ಹನ್ನೆರಡು.

ಎಲ್ಲರೂ ನರ್ಸಮ್ಮನನ್ನೇ ನೋಡಿದರು.

"ಆ ಹೆಂಗಸು ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳಾ?" ಎಂದು ಕೇಳಿದರು ನರ್ಸಮ್ಮ.

"ನೀವು ಸಹಿ ಹಾಕಿದ್ರೆ ಗೊತ್ತಾಗತ್ತೆ ಮೇಡಂ. ಮೀನುಗಳೂ ಅದಕ್ಕೇ ಕಾಯ್ತಿದ್ದಾವೆ."

ನರ್ಸಮ್ಮ ಇಡೀ ವರ್ಷಕ್ಕೆ ಸಹಿ ಹಾಕಿದರು.

ಸೋಮವಾರ ಬೆಳಿಗ್ಗೆ ನೆರಿಗೆಯಕ್ಕ ಬರುವಷ್ಟರಲ್ಲಿ ಆಕೆಯ ಮೇಜಿನೆದುರು ರಸ್ತೆಯ ತಿರುವಿನ ತನಕ ಸಾಲು ನಿಂತಿತ್ತು. ಇಪ್ಪತ್ತೆರಡು ಜನ ಅಷ್ಟುದ್ದದ ಸಾಲು ಹೇಗಾದರೋ ಆ ಉದ್ದಣ್ಣನನ್ನೇ ಕೇಳಬೇಕು. ಎಲ್ಲರ ಮುಂದೆ ಮೌನಿ, ಕೈಯಲ್ಲಿ ಒಂಬತ್ತು ಹಾಳೆ.

"ಏನಿದು?"

"ಲಾರಿಗೆ ಕಟ್ಟು ಏರಿಸೋದು ಹೆಂಗೆ ಅಂತ. ಮೊದಲ ಹಾಳೆ. ಉಳಿದಿದ್ದು ಬೇರೆ ವಿಷಯ."

"ಕೇಳಿದ್ದು ನೀನೇ ತಾನೇ ತಾಯಿ, ಈಗ ಅನುಭವಿಸು" ಎಂದಳು ಹಿಂದಿನಿಂದ ಪುಟ್ಟಜ್ಜಿ.

ನೆರಿಗೆಯಕ್ಕ ಸಾಲನ್ನು ಒಮ್ಮೆ ತುದಿಯವರೆಗೂ ನೋಡಿದಳು. ಆಮೇಲೆ ಮಾಲೀಕರ ಕೋಣೆಗೆ ಹೋಗಿ, ಅವರನ್ನು ಕೇಳದೆಯೇ, ಅವರೆದುರಿನ ಕುರ್ಚಿಯನ್ನು ಎಳೆದುಕೊಂಡು ಬಂದು ಮೌನಿಯ ಮುಂದೆ ಹಾಕಿದಳು.

"ಕೂತ್ಕೊಂಡು ಹೇಳಿ" ಎಂದಳು.