ತೂತು ಮುಚ್ಚಿದ ರೂಪಾಯಿ

ಕಲಬುರಗಿಯ ರೋಜಾ ಬಡಾವಣೆಯಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಒತ್ತಿಕೊಂಡೇ ಖಮರುದ್ದೀನ್ ಹಳೆಯ ನಾಣ್ಯಗಳ ಮೇಜು ಹಾಕುತ್ತಿದ್ದ. ಮೊದಲು ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡಿದವನು. ತೂತು ಬಿದ್ದ ನಾಣ್ಯಕ್ಕೆ ಬೆಳ್ಳಿ ತುಂಬಿ, ಅರದಿಂದ ಉಜ್ಜಿ, ಮತ್ತೆ ಹಳೆಯ ಬಣ್ಣ ಬರಿಸುತ್ತಿದ್ದ. ಆಮೇಲೆ ಡಬ್ಬಿಯ ಮೇಲೆ ಒಂದು ಚೀಟಿ: ‘ತೂತಿಲ್ಲ. ಸವೆದಿಲ್ಲ. ಟಂಕಸಾಲೆಯಿಂದ ಬಂದ ಹಾಗೇ ಇದೆ.’ ಅಕ್ಷರ ಮುತ್ತಿನಂತಿರುತ್ತಿತ್ತು, ಮಾತು ಶುದ್ಧ ಸುಳ್ಳು.

“ತಗೊಳ್ಳೋರಿಗಿ ಖುಷಿ ಆಗ್ತದ. ನಿನಗ್ಯಾಕ ಹೊಟ್ಟಿಉರಿ, ಗುಫ್ರಾನ್?” ಎಂದು ನನ್ನನ್ನೇ ಛೇಡಿಸುತ್ತಿದ್ದ. ನಾನು ಬೈಯುತ್ತಿದ್ದೆ. ಬೈಯುತ್ತಲೇ ನನ್ನ ಭೂತಗನ್ನಡಿಯನ್ನೂ ಅವನಿಗೆ ಕೊಡುತ್ತಿದ್ದೆ.

ಹೋದ ವರ್ಷ ಕಮಲಾಪುರದ ದೌಲಪ್ಪ ಎಂಬವನು ನಿಜಾಮರ ಕಾಲದ ಒಂದು ಬೆಳ್ಳಿಯ ಚಾರ್ಮಿನಾರ್ ರೂಪಾಯಿ ಮಾರಿ ಹೋದ. ತೂತಿನಲ್ಲಿ ಕರಿದಾರದ ಎಳೆ ಇನ್ನೂ ಇತ್ತು, ಅಂಚಿನ ಸುತ್ತ ಏಟಿನ ಗುರುತುಗಳು. ಖಮರುದ್ದೀನ್ ಎರಡು ದಿನ ಕೂತು ಎಲ್ಲ ಅಳಿಸಿದ. ಭೂತಗನ್ನಡಿ ಹಿಡಿದರೂ ತೂತು ಎಲ್ಲಿತ್ತೆಂದು ನನಗೆ ಕಾಣಲಿಲ್ಲ. ‘ಶಭಾಷ್’ ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆ.

ಎಂಟು ದಿನಕ್ಕೆ ದೌಲಪ್ಪನ ಹೆಂಡತಿ ಬಂಡೆಮ್ಮ ಬಸ್ಸು ಹತ್ತಿ ಬಂದಳು. ಅವಳ ನಾಲ್ಕು ವರ್ಷದ ಮಗಳು ಜಗದೇವಿ ಜ್ವರ ಬಂದು ತೀರಿಕೊಂಡಿದ್ದಳು. ಆ ರೂಪಾಯಿ ಮಗುವಿನ ಕೊರಳಲ್ಲಿದ್ದದ್ದು. ಅದನ್ನು ಮುಷ್ಟಿಯಲ್ಲಿ ಹಿಡಿದು ಹೆಂಡತಿ ಊಟವನ್ನೇ ಬಿಟ್ಟಿದ್ದಳೆಂದು ದೌಲಪ್ಪ ಹೇಳದೆ ಕೇಳದೆ ತಂದು ಮಾರಿದ್ದ.

“ಹೊಸ್ತಿಲದಾಗ ಕುಂತು ಕಲ್ಲಿಗಿ ಟಣ್ ಟಣ್ ಬಡೀತಿತ್ತು, ಚಾಚಾ. ಅಂಚೆಲ್ಲ ನೆಗ್ಗ್ಯಾದ. ಕಣ್ಣು ಮುಚ್ಚಿ ಮುಟ್ಟಿದ್ರೂ ಗುರ್ತು ಹಿಡೀತೀನಿ.”

ಖಮರುದ್ದೀನ್ ಡಬ್ಬಿ ತೆಗೆದು ರೂಪಾಯಿಯನ್ನು ಅವಳ ಅಂಗೈ ಮೇಲಿಟ್ಟ. ಅವಳು ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಸುತ್ತ ಆಡಿಸಿದಳು. ಇನ್ನೊಂದು ಸುತ್ತು ಆಡಿಸಿದಳು.

“ಇದಲ್ರಿ.”

“ಇದೇ ಬೇಟಿ. ತೂತು ನಾನೇ ಮುಚ್ಚೀನಿ, ಅಂಚು ನಾನೇ ಉಜ್ಜೀನಿ. ಅಲ್ಲಾನ ಆಣಿ.”

ಅವಳು ಡಬ್ಬಿಯ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ತೂತಿಲ್ಲಂತ ನೀವೇ ಬರ್ದೀರಲ್ಲ, ಚಾಚಾ! ನಂದು ಯಾರಿಗಿ ಮಾರಿದ್ರಿ? ಕೈ ಮುಗೀತೀನಿ, ನಂದು ನನಗ ಕೊಡ್ರಿ.”

“ಗುಫ್ರಾನ್, ನೀನಾದ್ರೂ ಹೇಳು” ಎಂದ. ಹೇಳಿದೆ. ಅವಳು, ಇಬ್ಬರೂ ಕೂಡಿ ಮೋಸ ಮಾಡುತ್ತಿದ್ದಾರೆ ಎಂಬಂತೆ ನೋಡಿ, ರೂಪಾಯಿಯನ್ನು ಮೇಜಿನ ಮೇಲಿಟ್ಟು ಅಳುತ್ತಾ ಹೋದಳು. ಜೀವಮಾನದಲ್ಲಿ ಎಷ್ಟೋ ಸುಳ್ಳು ನಂಬಿಸಿದವನಿಗೆ ಒಂದು ನಿಜ ನಂಬಿಸಲು ಆಗಲಿಲ್ಲ. ಪಾಪ, ಕೂತಲ್ಲೇ ಕುಗ್ಗಿ ಹೋದ.

ಮತ್ತೆ ಅವನು ಅರ ಮುಟ್ಟಲಿಲ್ಲ. ಆ ಡಬ್ಬಿಗೆ ಬೇರೆ ಚೀಟಿ ಬರೆದ: ‘ತೂತು ಮುಚ್ಚಿದೆ. ಅಂಚು ಉಜ್ಜಿದೆ. ಜಗದೇವಿಯದು.’ ಚಳಿಗಾಲದಲ್ಲಿ ತೀರಿಕೊಂಡ. ಡಬ್ಬಿ ನನ್ನ ಡ್ರಾಯರಿನಲ್ಲಿದೆ.

ಬಂಡೆಮ್ಮ ಕಲಬುರಗಿಗೆ ಬಂದಾಗಲೆಲ್ಲ ಅಂಗಡಿ ಮುಂದೆ ನಿಲ್ಲುತ್ತಾಳೆ.

“ಸಿಕ್ತೇನ್ರಿ, ಅಣ್ಣಾರ?”

“ಹುಡಕಾಕತ್ತೀನಿ, ತಂಗಿ” ಎನ್ನುತ್ತೇನೆ, ಡ್ರಾಯರಿನ ಮೇಲೆ ಕೈ ಇಟ್ಟುಕೊಂಡೇ.