ಮನಿ ಮಗ

ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಾಲೀಕರಿಗೆ ಆಳುಗಳ ತಕರಾರು ಬಂತೆಂದರೆ ನನ್ನ ನೆನಪಾಗುತ್ತಿತ್ತು. ಹತ್ತಿ ಗಿರಣಿಯವರು, ಎಣ್ಣೆ ಗಿರಣಿಯವರು, ಬಸ್ಸಿನವರು ಎಲ್ಲರೂ ನನ್ನ ಕಕ್ಷಿದಾರರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಸಲಹೆ ಅವರಿಗೆ ಬೇಕು. ಅದನ್ನು ಕೊಡುವುದರಲ್ಲಿ ನಾನು ಪಳಗಿದ್ದೆ. ಗೆದ್ದ ಮೊಕದ್ದಮೆಗಳಲ್ಲಿ ಬಹಳಷ್ಟು ಮರೆತುಹೋಗಿವೆ. ಇಂಡಿಯ ಶೇಂಗಾ ಎಣ್ಣೆ ಗಿರಣಿಯದೊಂದು ಮಾತ್ರ ಮರೆಯಲೊಲ್ಲದು.

ಆ ಗಿರಣಿಯ ಡೀಸೆಲ್ ಇಂಜಿನ್ ನೋಡಿಕೊಳ್ಳುತ್ತಿದ್ದವನು ಚಿಕ್ಕಂದಿನಿಂದ ಗಿರಣಿಯ ಮಾಲೀಕರಾದ ಸಾಹುಕಾರರ ಮನೆಯಲ್ಲೇ ಬೆಳೆದವನು. ಅಡುಗೆಮನೆಯಲ್ಲೇ ಅವನ ಊಟ, ದೀಪಾವಳಿಗೆ ಮನೆಯ ಮಕ್ಕಳ ಜೊತೆಗೇ ಅವನಿಗೂ ಹೊಸ ಅಂಗಿ. ಗೊತ್ತಾದ ಪಗಾರವೆಂಬುದು ಇರಲಿಲ್ಲ. ಕರೆಂಟಿನ ಮೋಟಾರು ಕೂಡಿಸಿದ ಮೇಲೆ ಸಾಹುಕಾರರು ಅವನಿಗೆ ಇನ್ನು ಗಿರಣಿಗೆ ಬರಬೇಡ ಎಂದರು. ಹೆಂಡತಿ ಮಕ್ಕಳಿದ್ದವನು, ಬೇರೆ ಕೆಲಸ ಗೊತ್ತಿಲ್ಲ. ಯಾರೋ ಯೂನಿಯನ್ನಿನವರು ಕೈಹಿಡಿದು ಕಾರ್ಮಿಕ ನ್ಯಾಯಾಲಯಕ್ಕೆ ತಂದರು. ಅವನು ಸಾಹುಕಾರರ ಆಳೆಂದು ರುಜುವಾತಾದರೆ ಕೆಲಸ ಮರಳಿ ಸಿಗುತ್ತಿತ್ತು, ಇಲ್ಲವಾದರೆ ಇಲ್ಲ.

ವಿಚಾರಣೆಯ ದಿನ ಸಾಹುಕಾರರನ್ನು ಕಂಡೊಡನೆ ಅವನು ಚಪ್ಪಲಿ ಬಿಟ್ಟು ಕೈಮುಗಿದ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕಲಿತ ಜೀವ. ಅದನ್ನು ನೋಡಿಯೇ ನನಗೆ ಹಾದಿ ಹೊಳೆಯಿತು. ಪಾಟೀಸವಾಲಿನಲ್ಲಿ ಮೆತ್ತಗೆ ಕೇಳಿದೆ.

"ನೀ ಆ ಮನಿ ಆಳು ಏನಪಾ?"

ಅವನ ಮುಖ ಕೆಂಪಾಯಿತು. ಅಷ್ಟು ಜನರೆದುರು ಆ ಶಬ್ದ ಅವನಿಗೆ ಬೈಗುಳದಂತೆ ಕೇಳಿತು.

"ಆಳು ಯಾಕ್ರಿ? ನಾ ಆ ಮನಿ ಮಗ ಅದೀನ್ರಿ."

ಅವನ ವಕೀಲ ಹಣೆ ಹಿಡಿದುಕೊಂಡು ಕುಳಿತ. ಮನೆಯ ಮಗ ಕಾರ್ಮಿಕ ಹೇಗಾದಾನು ಎಂದು ವಾದಿಸಿದೆ, ಗೆದ್ದೆ. ತೀರ್ಪಿನ ದಿನ ಹೊರಗೆ, ಆಳು ಅಂದಿದ್ದರೆ ಕೆಲಸ ಉಳಿಯುತ್ತಿತ್ತೇ ಎಂದು ಅವನು ನನ್ನನ್ನೇ ಕೇಳಿದ. ಹೌದು ಎಂದೆ. ಅವನಿಗೆ ಸಾಹುಕಾರರ ಹೆಂಡತಿಯ ನೆನಪಾಗಿತ್ತು.

"ಹಂಗ ಅಂದು ಅವ್ವಾರ ಮುಂದ ಹೆಂಗ ಉಣ್ಣಾಕ ಕುಂದರ್ಲಿರಿ?"

ಆ ಕಾರಹುಣ್ಣಿಮೆಗೆ ಸಾಹುಕಾರರು ನನ್ನನ್ನು ಹೋಳಿಗೆ ಊಟಕ್ಕೆ ಕರೆದರು. ಪಡಸಾಲೆಯಲ್ಲಿ ತಾಟಿನ ಮುಂದೆ ಕುಳಿತಿದ್ದೆವು. ಪ್ರತಿ ಹಬ್ಬದಂತೆ ಅವನೂ ಬಂದ, ಕಾಲು ತೊಳೆದು ಸೀದಾ ಅಡುಗೆಮನೆ ಕಡೆ ನಡೆದ. ಅವನು ಕೋರ್ಟು ಹತ್ತಿದ ಸಿಟ್ಟು ಸಾಹುಕಾರರಲ್ಲಿ ಇನ್ನೂ ಆರಿರಲಿಲ್ಲ. ತಲೆ ಎತ್ತದೆಯೇ ಒಳಗಿನವರಿಗೆ ಕೂಗಿ ಹೇಳಿದರು.

"ಆಳಿಗೆ ಒಳಗ್ಯಾಕ? ಹೊರಗ ಕಟ್ಟಿ ಮ್ಯಾಲ ಕೊಡ್ರಿ."

ಅವನು ನಿಂತಲ್ಲೇ ನಿಂತ, ನನ್ನ ಕಡೆ ಒಮ್ಮೆ ನೋಡಿದ. ಇದೇ ಮಾತು ಕೋರ್ಟಿನಲ್ಲಿ ಸಾಹುಕಾರರ ಬಾಯಿಂದ ಬಿದ್ದಿದ್ದರೆ ನಾನು ಸೋಲುತ್ತಿದ್ದೆ. ನಾಚಿಕೆಯಾಯಿತು, ಈಗಲೂ ಆಗುತ್ತದೆ. ಅವನು ಕಟ್ಟೆಯ ಮೇಲೆ ಕೂಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸಾಹುಕಾರರು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಉಂಡೆ.