ರಂಗವ್ವನ ಹನ್ನೊಂದನೇ ಗಲ್ಲಿ

ನನ್ನ ಸೋದರತ್ತೆ ರಂಗವ್ವ ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷ ಮೈ ಮಾರಿಕೊಂಡು ಬದುಕಿದವಳು. ಹುನಗುಂದದ ನಮ್ಮ ಮನೆಗೆ ಕಲ್ಲಿನ ಗೋಡೆ ಬಂದದ್ದು, ನಾನು ಮ್ಯಾಟ್ರಿಕ್‌ವರೆಗೆ ಓದಿದ್ದು, ಎಲ್ಲ ಅವಳ ಮನಿಯಾರ್ಡರಿನಿಂದ. ಗೋಡೆ ಏಳುವವರೆಗೆ ಅವಳು ನಮ್ಮಪ್ಪ ಮಾಳಪ್ಪನಿಗೆ ಮುದ್ದಿನ ತಂಗಿ. ೧೯೮೧ರಲ್ಲಿ ಮೈ ಸೋತು ಊರಿಗೆ ಬಂದಾಗ ಅದೇ ಅಪ್ಪನಿಗೆ ಗಂಟಲ ಮುಳ್ಳಾದಳು.

ಬಂದವಳು ಆ ಬದುಕಿಗೆ ಶಾಪ ಹಾಕುತ್ತಾಳೆಂದು ಎಲ್ಲರೂ ಕಾದರು. ಅವಳೋ ಬಾಯಿ ತೆರೆದರೆ ಆ ಗಲ್ಲಿಯನ್ನೇ ಹೊಗಳುತ್ತಿದ್ದಳು. ನರಕದಿಂದ ಪಾರಾದವಳಿಗೆ ನರಕದ್ದೇ ಧ್ಯಾನವೆಂದು ಅವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

“ನಮ್ಮ ಹನ್ನೊಂದನೇ ಗಲ್ಲಿ ಅಂದ್ರ ಏನಂತ ತಿಳದೀ ಕೂಸ? ಅರವತ್ತು ಮಂದಿಗೆ ಒಂದ ಪಾಯಖಾನಿ. ನಳದ ಮುಂದ ಜಗಳಾ ಹತ್ತಿದ್ರ ಮೂರು ಭಾಷಾದಾಗ ಬೈಗಳಾ. ಚಾಕು ತಿಂದು ಬಿದ್ದವಗ ನನ್ನ ಸೆರಗು ಹರದು ಕಟ್ಟೀನಿ. ವಾರದಾಗ ಎದ್ದು ಬಂದು ಇರಾಣಿ ಹೋಟೆಲದಾಗ ನನಗ ಬನ್ ಮಸ್ಕಾ ತಿನಸಿದಾ. ಇಲ್ಲೇನೈತಿ? ಎಂಟು ಹೊಡೀತಂದ್ರ ಊರು ಸತ್ತಂಗ.”

ಅವಳು ರೊಟ್ಟಿ ಬಡಿಯುವಾಗೆಲ್ಲ ನಾನು ಗಲ್ಲಿಯ ಸುದ್ದಿ ಹೇಳೆಂದು ಗಂಟು ಬೀಳುತ್ತಿದ್ದೆ. ಅವಳಿಗೂ ಕೇಳುವವಳು ನಾನೊಬ್ಬಳೇ.

ನನಗೆ ಬಂದ ಎರಡು ಸಂಬಂಧ ಅವಳ ಸುದ್ದಿ ಹೋಗಿಯೇ ತಪ್ಪಿದವು. ೧೯೮೪ರಲ್ಲಿ ಗುಳೇದಗುಡ್ಡದಿಂದ ಮೂರನೆಯದು ಬಂತು. ವರನ ಚಿಕ್ಕಪ್ಪ ಅಮಾತೆಪ್ಪ ಮುಂಬಯಿಯಲ್ಲಿ ಗಿರಣಿ ಕೆಲಸ ಮಾಡಿ ಮರಳಿದ ದೊಡ್ಡ ಮನುಷ್ಯ. ಅವನ ಮಾತೇ ಆ ಮನೆಯಲ್ಲಿ ಕೊನೆಯ ಮಾತು.

“ಅವರು ಹೋಗೂತನಕಾ ಅಡಗಿಮನಿ ಬಿಟ್ಟು ಹೊರಗ ಬರಬ್ಯಾಡ, ಬಾಯಿ ತೆರೀಬ್ಯಾಡ,” ಎಂದ ಅಪ್ಪ.

“ನನ್ನ ಕೂಸಿನ ಸಲುವಾಗಿ ನಾಲಿಗಿ ಕಡಕೊಂಡು ಕುಂದರ್ತೇನಿ, ತಗೋ,” ಎಂದು ಅತ್ತೆ ನಕ್ಕಳು.

ಕನ್ಯಾ ನೋಡುವ ದಿನ ಇಳಕಲ್ ಸೀರೆಯುಟ್ಟು ತಲೆ ತಗ್ಗಿಸಿ ಕುಳಿತಿದ್ದೆ. ಸುಸಲಾ ತಿಂದು, ಚಹಾ ಕುಡಿದು, ಅಮಾತೆಪ್ಪ ಮುಂಬಯಿಯ ಮಾತು ತೆಗೆದ.

“ಹನ್ನೊಂದನೇ ಗಲ್ಲಿ ಅಂತಿತ್ರೀ, ಭಾಳ ಹೊಲಸು. ಎಡಕ್ಕ ಇರಾಣಿ ಹೋಟೆಲ್, ಬಲಕ್ಕ ಪಾಯಖಾನಿ. ಈಗ ಎಲ್ಲಾ ಕೆಡವಿ ಒಗದಾರ. ಹನ್ನೆರಡು ಮಜಲಿನ ಬಿಲ್ಡಿಂಗ್ ಏಳಾಕತ್ತೈತಿ. ಚೊಲೋ ಆತು, ಪೀಡಾ ಹೋತು.”

“ಎಡಕ್ಕಲ್ರೀ, ಬಲಕ್ಕ!” ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. “ಇರಾಣಿ ಹೋಟೆಲ್ ಬಲಕ್ಕ. ಖರೇನ ಕೆಡವ್ಯಾರೇನ್ರಿ? ಎಲ್ಲಾನೂ?”

ಕಣ್ಣಲ್ಲಿ ನೀರು ತುಂಬಿತ್ತು. ಹೆತ್ತವರು ಸತ್ತಾಗಲೂ ಅತ್ತವಳಲ್ಲ ಅವಳು.

“ಇಕಿ ಯಾರ್ರಿ?” ಎಂದ ಅಮಾತೆಪ್ಪ. ಆ ಗಲ್ಲಿಯ ಎಡಬಲ ನಿನಗೆ ಹೇಗೆ ಗೊತ್ತೆಂದು ಅವನನ್ನು ಯಾರೂ ಕೇಳಲಿಲ್ಲ. ಗಂಡಸನ್ನು ಯಾರು ಕೇಳುತ್ತಾರೆ? ಮೂರನೆಯ ಸಂಬಂಧವೂ ಕೈಬಿಟ್ಟು ಹೋಗುವುದು ನನಗೆ ಕಂಡಿತು.

“ಮುಸುರಿ ಭಾಂಡೆ ತಿಕ್ಕಾಕಿ ರೀ,” ಎಂದೆ ನಾನು. “ಮೊದಲ ಮುಂಬೈದಾಗ ಯಾರದೋ ಮನ್ಯಾಗ ಕೆಲಸಕ್ಕಿದ್ಲಂತ.”

ಅತ್ತೆ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಬಗ್ಗಿ, ಅಮಾತೆಪ್ಪನ ಮುಂದಿದ್ದ ಚಹಾದ ಕಪ್ಪು-ಬಸಿಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಹುಡುಗಿ ಚುರುಕಾಗಿದ್ದಾಳೆಂದು ಅಮಾತೆಪ್ಪ ಒಪ್ಪಿದ. ಆಡಿದ ಸುಳ್ಳು ನಡೆಸಬೇಕಲ್ಲ, ಅಪ್ಪ ಮನೆಮನೆಗೆ ಹೋಗಿ ಕೈಮುಗಿದ. ಓಣಿ ಬಾಯಿ ಮುಚ್ಚಿಕೊಂಡಿತು. ಇಂಥ ಕೆಲಸಕ್ಕೆ ನಮ್ಮ ಓಣಿ ಯಾವಾಗಲೂ ಒಕ್ಕಟ್ಟು. ಮದುವೆಯಲ್ಲಿ ಸೋದರತ್ತೆಗೆ ಸಲ್ಲಬೇಕಾದ ಆಯೇರಿಯ ಸೀರೆ ಯಾರೋ ದೂರದ ಸಂಬಂಧಿಗೆ ಹೋಯಿತು. ಭಾಂಡೆಯವಳಿಗೆಂದು ಬೀಗರು ಕೊಟ್ಟ ಹಳೆ ಸೀರೆಯನ್ನು ನನ್ನ ಕೈಯಿಂದಲೇ ಕೊಡಿಸಿದರು. ಅವಳು ಎರಡೂ ಕೈ ಒಡ್ಡಿ, “ನಿಮ್ಮ ಪುಣ್ಯಾರೀ ಅವ್ವಾರ,” ಎಂದಳು. ಬೀಗರ ಮುಂದಿನ ನಾಟಕವೆಂದುಕೊಂಡು ನನಗೆ ಒಳಗೊಳಗೇ ಹಾಯೆನಿಸಿತು. ಅಷ್ಟು ಹೇಸಿಗೆಯವಳು ನಾನು.

ಪಂಚಮಿಗೆ ತವರಿಗೆ ಬಂದಾಗ ಮನೆಯಲ್ಲಿ ಅವಳೊಬ್ಬಳೇ ಇದ್ದಳು.

“ಬರ್ರಿ ಅವ್ವಾರ, ಕಾಲು ತೊಳಕೊಳ್ರಿ.”

“ಅತ್ತಿ, ಯಾರೂ ಇಲ್ಲ. ನನಗ ‘ನೀ’ ಅನ್ನು. ಗಲ್ಲಿ ಸುದ್ದಿ ಹೇಳು.”

“ಯಾವ ಗಲ್ಲೀರೀ?” ಎಂದು ರೊಟ್ಟಿ ತಿರುವಿದಳು. “ಭಾಂಡೆ ತಿಕ್ಕಾಕಿಗೆ ಯಾವ ಗಲ್ಲಿ ಗೊತ್ತಿರತೈತ್ರೀ?”

ನಾನು ಅವಳ ಕಾಲು ಹಿಡಿದು ಅತ್ತುಬಿಟ್ಟೆ. ಅವಳು ಕಾಲು ಎಳೆದುಕೊಂಡು ಒಲೆಯ ಮುಂದೆ ಕುಳಿತಳು. ಆಮೇಲೆ ನಾಲ್ಕು ವರ್ಷ ಬದುಕಿದಳು. ಮುಂಬಯಿಯ ಹೆಸರು ಒಮ್ಮೆಯೂ ಅವಳ ಬಾಯಲ್ಲಿ ಬರಲಿಲ್ಲ. ಪ್ರಾಣ ಹೋಗುವ ದಿನ ಓಡಿ ಬಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚೆಯಿಂದ ನೀರು ಬಿಟ್ಟೆ. ಎರಡು ಗುಟುಕು ಇಳಿಯಿತು. ಕಣ್ಣು ತೆರೆದು, ನನ್ನ ಗುರುತು ಹಿಡಿದು, “ಸಾಕ್ರಿ,” ಎಂದಳು.